ಡ್ರೈವರಿನೊಡನೆ ಮಾತಾಡಬೇಡಿ

ಡ್ರೈವರಿನೊಡನೆ ಮಾತಾಡಬೇಡಿ ಎಂಬ ಬೋರ್ಡು
ನನ್ನ ತಲೆಯ ಹಿಂದೆಯೇ ಇದೆ.
ಡ್ರೈವರು ಮಾತಾಡಬಾರದು ಅಂತ ಎಲ್ಲೂ ಬರೆದಿಲ್ಲ.

ಹಾಗಾಗಿ ಹೇಳುತ್ತೇನೆ, ಕೇಳಿ:
ನಿನ್ನೆ ನಮ್ಮ ಕೊಕ್ಕರೆಗಳು ಸೋತದ್ದು ರೆಫರಿಯಿಂದಲ್ಲ.
ಮೂರನೇ ಕ್ವಾರ್ಟರಿನಲ್ಲಿ ಹನ್ನೊಂದು ಅಂಕ ಮುಂದಿದ್ದು
ಆಮೇಲೆ ಐದೂ ಜನ ನಿಂತು ನೋಡಿದರು,
ಮದುವೆಯೂಟಕ್ಕೆ ಕೂತು
ಬಡಿಸುವವರ ದಾರಿ ಕಾಯುವ ಹಾಗೆ.
ಕೋಚಿಗೆ ಗೊತ್ತಿರುವ ಉಪಾಯ ಎರಡೇ:
ಕೋಟು ಬಿಚ್ಚುವುದು, ಕೋಟು ಹಾಕಿಕೊಳ್ಳುವುದು.

ಕೌನಸ್ಸಿನಲ್ಲಿ ಜನವರಿಯ ಬೆಳಗು ಎಂಟಾದರೂ ಬೆಳಗಲ್ಲ.
ನೇಮುನಸ್ ನದಿಯಲ್ಲಿ ಮಂಜುಗಡ್ಡೆಯ ಚಕ್ಕೆ ತೇಲುತ್ತಿರುತ್ತವೆ.
ಟ್ರಾಲಿಬಸ್ಸಿನ ಕೊಂಬು ತಂತಿಯಿಂದ ಜಾರುತ್ತದೆ, ಕಿಡಿ ಉದುರುತ್ತದೆ,
ನಾನು ಇಳಿದು, ಹಗ್ಗ ಎಳೆದು, ಮತ್ತೆ ಕೂರಿಸಿ ಬರುವಷ್ಟರಲ್ಲಿ
ಒಳಗಿನ ಐವತ್ತು ಜನ ಐವತ್ತು ಕೋಚುಗಳಾಗಿರುತ್ತಾರೆ.

ಹಲ್ಲಿನ ಡಾಕ್ಟರು ಯೂರಾಟೆಗೆ ಹೊಸ ಸೆಂಟರ್ ಬೇಕು,
ಏಳಡಿಯವನು, ಸೆರ್ಬಿಯಾದವನಾದರೂ ಸರಿ.
ಮೀನಂಗಡಿಯ ಕ್ಸಾವೆರಾಸ್‌ಗೆ ಯಾರೂ ಬೇಡ.
ಅವನ ಲೆಕ್ಕದಲ್ಲಿ ಬಾಸ್ಕೆಟ್‌ಬಾಲು
ಅವನ ಮಂಡಿ ಹೋದ ವರ್ಷವೇ ಸತ್ತಿತು.

ಈಗ ಎಲ್ಲರ ಬಾಯಲ್ಲೂ ಮಂಗಿರ್ದಸ್.
ಹತ್ತೊಂಬತ್ತು ವರ್ಷ.
ಅಮೆರಿಕದಿಂದ ಇಬ್ಬರು ಬಂದು ಅಳೆದು ಹೋದರಂತೆ,
ಥೇಟು ದರ್ಜಿಗಳ ಹಾಗೆ: ಬರಿಗಾಲಲ್ಲಿ ಎತ್ತರ,
ಬೆರಳ ತುದಿಯಿಂದ ಬೆರಳ ತುದಿಗೆ ತೋಳು,
ನಿಂತಲ್ಲಿಂದ ನೆಗೆತ, ಓಡಿಬಂದು ನೆಗೆತ.
ಮೊದಲ ಸುತ್ತಿನ ಕೊನೆಗೆ ಎಂದ ಒಬ್ಬ,
ಎರಡನೆಯದರ ನಡುವಿಗೆ ಎಂದ ಇನ್ನೊಬ್ಬ.
ಕೂಸು ಹುಟ್ಟುವ ಮುಂಚೆ ಕುಲಾವಿ ಅನ್ನುತ್ತಾರಲ್ಲ,
ಇವರು ಕುಲಾವಿಗೂ ಮುಂಚೆ ನಂಬರು ಹೊಲಿಯುತ್ತಾರೆ.

ನನ್ನನ್ನು ಕೇಳಿದರೆ,
ಎಡಗೈ ಇನ್ನೂ ಅವನದಾಗಿಲ್ಲ,
ಪಕ್ಕದ ಮನೆಯಿಂದ ಎರವಲು ತಂದ ಹಾಗೆ ಹಿಡಿದಿರುತ್ತಾನೆ.
ಸ್ಕ್ರೀನ್ ಬಂದರೆ ಸುತ್ತಿ ಬರುತ್ತಾನೆ, ಸೋಮಾರಿ.
ಆದರೆ ಆ ಪಾಸು!
ಅದು ಕೈಬಿಟ್ಟು ಹೊರಡುವ ಹೊತ್ತಿಗೆ
ಹಿಡಿಯಬೇಕಾದವನು
ಅತ್ತ ಓಡಬೇಕೆಂದು ಇನ್ನೂ ಯೋಚಿಸಿರುವುದಿಲ್ಲ.
ಅದಕ್ಕೆ ಟೇಪು ಎಲ್ಲಿದೆ? ಎಷ್ಟು ಇಂಚು?
ಇನ್ನೆರಡು ಚಳಿಗಾಲ ಇಲ್ಲೇ ಇರಲಿ, ಅಂದೆ.
ಈಗ ಹೋದರೆ ಬೆಂಚಿನ ತುದಿಯಲ್ಲಿ ಟವೆಲು ಹಂಚುತ್ತಾನೆ.

ಯೂರಾಟೆ ಕನ್ನಡಿಯೊಳಗಿಂದ ನಕ್ಕಳು:
ಗೆನೋವೈಟೆ, ರಿಮ್ಗೌದಸನ ಬಗ್ಗೆಯೂ ಹೀಗೇ ಅಂದಿದ್ದೆ ನೀನು.

ಹೌದು, ಅಂದಿದ್ದೆ.
ಕಾಲು ತೆಳ್ಳಗೆ, ಎದೆ ಪುಕ್ಕಲು,
ಎರಡೇ ವರ್ಷದಲ್ಲಿ ವಾಪಸು, ಅಂತ.
ಹನ್ನೆರಡು ವರ್ಷ ಆಡಿದ ಅಲ್ಲಿ.
ಅವನಮ್ಮ ಮೊನ್ನೆಮೊನ್ನೆಯವರೆಗೂ
ನನ್ನ ಬಸ್ಸು ಬಿಟ್ಟು ಮುಂದಿನದಕ್ಕೆ ಕಾಯುತ್ತಿದ್ದಳು,
ಹಿಮ ಬೀಳುವಾಗಲೂ.

ಹಸಿರು ದೀಪ. ಹೊರಟೆ.

ರಾತ್ರಿ ಕೊನೇ ಟ್ರಿಪ್ಪಿಗೆ ಮಂಗಿರ್ದಸ್ ಹತ್ತಿದ,
ಬಾಗಿಲಿಗೆ ತಲೆ ತಗ್ಗಿಸಿ.
ಹಿಂದಿನ ಸೀಟಿನಲ್ಲಿ ಮಂಡಿ ಗಲ್ಲಕ್ಕೆ ತಾಗುವಂತೆ ಮಡಚಿ ಕೂತ,
ಎರಡನೇ ಸ್ಟಾಪಿಗೆ ನಿದ್ದೆ.
ಹೋಗ್ತೀಯೇನೋ? ಕೇಳಬೇಕೆಂದಿದ್ದೆ.
ಇಳಿಜಾರಿನಲ್ಲಿ ಬ್ರೇಕು ಒತ್ತಿದೆ.
ಅವನ ತೊಡೆಯಿಂದ ಚೆಂಡು ಜಾರಿತು,
ಖಾಲಿ ಸೀಟುಗಳ ನಡುವೆ ಪುಟಿಯಿತು, ಉರುಳಿತು,
ಬಂದು ನನ್ನ ಕ್ಯಾಬಿನ್ನಿನ ಬಾಗಿಲು ತಟ್ಟಿತು.

ನಿಲ್ಲಿಸಿ ಎತ್ತಿಕೊಂಡೆ. ಇನ್ನೂ ಬೆಚ್ಚಗಿತ್ತು.
ನಲವತ್ತು ವರ್ಷದ ಹಿಂದೆ ಶಾಲೆಯ ತಂಡದಲ್ಲಿ
ಗಾರ್ಡ್ ಆಗಿದ್ದೆ ನಾನು, ಯಾರಿಗೂ ಹೇಳಿಲ್ಲ.
ಒಂದೇ ಪುಟಿತ, ಉದ್ದಕ್ಕೆ, ಸೀಟುಗಳ ನಡುವೆ.
ಕಣ್ಣು ತೆರೆಯುವುದಕ್ಕೂ ಮೊದಲು
ಅವನ ತೋಳು ಚಾಚಿತು, ಹಿಡಿಯಿತು.
ಎಡದ್ದು.
ಬಲಗೈ ಬೆಲ್ಟಿನಿಂದ ಸೊಂಟಕ್ಕೆ ಬಿಗಿದಿತ್ತು, ಜಾಕೆಟ್ಟಿನೊಳಗೆ.
ಸಂಜೆಯೆಲ್ಲ ಹಾಗೇ ಆಡಿರಬೇಕು, ಬಿಚ್ಚಲು ಮರೆತಿದ್ದಾನೆ.

ಟಿಕೆಟ್ಟು ಒತ್ತಿದೆಯಾ, ಅಂದೆ.
ಹ್ಞೂಂ, ಅಂದ.

ನಾಳೆ ಯೂರಾಟೆ ಕೇಳುತ್ತಾಳೆ.
ಎಡಗೈ ಇನ್ನೂ ಸರಿಯಿಲ್ಲ,
ಎರಡು ಚಳಿಗಾಲವಾದರೂ ಬೇಕು ಅಂತಲೇ ಹೇಳುತ್ತೇನೆ.