ಒಂದು ಮನೆ ಕೆಳಗೆ

ಹೊಸಬರಿಗೆ ತಿಂಗಳು ಬೇಕು ಅಂಕಲ್,
ಬೆರಳ ತುದಿ ಗಟ್ಟಿಯಾಗೋಕೆ. ನಿಮ್ಮದು
ಆಗಲೇ ಹುಣಸೆ ಬೀಜ, ಅಂದಳು ಜೆಸಿಂತಾ.
ಹೌದಮ್ಮ. ಇಪ್ಪತ್ತೆಂಟು ವರ್ಷದ ಬೆಸುಗೆ ಕಾವು,
ವಾರ್ನಿಷ್ಷು, ತಾಮ್ರ.
ತಂತಿ ನನಗೆ ಹೊಸದಲ್ಲ.
ಸುತ್ತಿದ್ದೇನೆ ಕಿಲೋಗಟ್ಟಲೆ,
ಮೀಟಿರಲಿಲ್ಲ, ಅಷ್ಟೇ.

ಪೆನ್ಷನ್ ಮೊಹಲ್ಲಾದ ಅಂಗಡಿ, ಸಂಜೆ ಆರೂವರೆ,
ಶಟರ್ ಅರ್ಧಕ್ಕೆ.
ಅವಳಪ್ಪನ ಬೋರ್ ಮೋಟರಿನ ಬಾಕಿ
ನಾಲ್ಕು ಸಾವಿರಕ್ಕೆ ಹದಿನಾರು ಪಾಠ:
ಲೆಕ್ಕ ಅವಳದೇ.
ಸುತ್ತ ಕೂತು ಕೇಳುತ್ತವೆ ಸುಟ್ಟ ಪಂಪುಗಳು,
ಗೊರೂರಿನದೊಂದು, ಸಾಲಗಾಮೆಯದೊಂದು,
ಆಲೂಗಡ್ಡೆ ಒಣಗ್ತಾ ಇದೆ, ಇವತ್ತೇ ಬೇಕು ಎಂದು
ಬಯ್ದು ಹೋದ ದುದ್ದದವರದೊಂದು.

ಗಿಟಾರಿನ ಕತ್ತಿನ ಮೇಲೆ ಗೆರೆ ಗೆರೆ.
ನಾನು ಮನೆ ಅನ್ನುತ್ತೇನೆ, ಚೌಕಾಬಾರದ ಹಾಗೆ.
ಮೂರನೇ ಮನೆಗೆ ಉಂಗುರ ಬೆರಳು, ಎರಡಕ್ಕೆ ನಡುಬೆರಳು.
ಜಿ ಬಂತು. ಸಿ ಬಂತು.
ಎಫ್ ಬರಲಿಲ್ಲ.
ತೋರುಬೆರಳು ಅಡ್ಡ ಮಲಗಿ
ಆರೂ ತಂತಿ ಒಟ್ಟಿಗೆ ಒತ್ತಬೇಕು.
ಒತ್ತಿದರೆ ಹುರಿಗಡಲೆ ಅಗಿದ ಸದ್ದು.

ಹಾಡು ಇಂಗ್ಲಿಷಿನದು. ಪದ ಇವತ್ತಿಗೂ ಗೊತ್ತಿಲ್ಲ,
ನನ್ನ ಗುರು ಖಲಂದರ್ ಸಾಹೇಬರಿಗೂ ಗೊತ್ತಿರಲಿಲ್ಲ.
ಯಾರೋ ಬಾಕಿಗೆ ಬದಲು ಬಿಟ್ಟುಹೋದ ಕ್ಯಾಸೆಟ್ಟು.
ನಡುವೆ ಒಂದು ಕಡೆ, ನಮ್ಮ ಕಿವಿಗೆ,
ಬೇಲಿ ದಾಟಿ, ಬೇಲಿ ದಾಟಿ ಅನ್ನುತ್ತಾನೆ.
ಯಾವ ಬೇಲಿಯೋ.
ಸಾಹೇಬರು ಅಲ್ಲಿ ಮಾತ್ರ ಸ್ಕ್ರೂಡ್ರೈವರ್ ಕೆಳಗಿಡುತ್ತಿದ್ದರು.

ಏಳನೇ ಪಾಠಕ್ಕೆ ಫೋನಿನಲ್ಲಿ ಹಚ್ಚಿದಳು.
ಇದಲ್ಲ, ಅಂದೆ.
ಇದೇ ಅಂಕಲ್.
ಗಂಟಲು ಅದೇ, ಧಾಟಿ ಅದೇ,
ಆದರೆ ಯಾರೋ ಹಿಂದಿಂದ ಅಟ್ಟಿಸಿಕೊಂಡು ಬಂದ ಹಾಗೆ.
ನನ್ನವನು ಇಷ್ಟು ಎಳೆಯನಲ್ಲ.
ನನ್ನವನು ಊಟ ಮುಗಿಸಿ,
ಕಾಲು ಚಾಚಿ ಹಾಡುವವನು.

ನಿಮ್ಮ ಟೇಪು ನಿಧಾನ ಓಡ್ತಿತ್ತೇನೋ, ಅಂದಳು ಹುಡುಗಿ.

ಟೇಪಿನ ಮೋಟರು.
ಬೆಂಕಿಪೊಟ್ಟಣದಷ್ಟು. ಅದು ಸುಟ್ಟ ದಿನ
ಸಾಹೇಬರು ನನ್ನ ಅಂಗೈಗೆ ಹಾಕಿ
ಇದು ನಿಂದು, ಅಂದಿದ್ದರು.
ನಾನೇ ಸುತ್ತಿದ ಮೊದಲ ಮೋಟರು.
ಕೂದಲಿಗಿಂತ ಸಣ್ಣ ತಂತಿ, ಮೂರು ದಿನ, ಉಸಿರು ಹಿಡಿದು.
ಕೊನೆಯ ದಿನ ಬೀದಿಯಲ್ಲಿ ಬ್ಯಾಂಡ್‌ಸೆಟ್ಟಿನ ದಿಬ್ಬಣ,
ನೋಡಲು ತಲೆ ಎತ್ತಿದೆ, ಎಣಿಕೆ ತಪ್ಪಿತು.
ಹೇಳಲಿಲ್ಲ.
ಕಡಿಮೆ ಆಗದಿರಲಿ ಎಂದು
ಎಂಟೋ ಹತ್ತೋ ಸುತ್ತು ಮೇಲೆ ಹಾಕಿದೆ.

ಸುತ್ತು ಹೆಚ್ಚಾದರೆ ವೇಗ ಕಡಿಮೆ.
ಈಗ ಇದನ್ನು ನಾನೇ ಹುಡುಗರಿಗೆ ಹೇಳಿಕೊಡುತ್ತೇನೆ.

ಅವತ್ತು ಸಾಹೇಬರು ತಲೆ ಓರೆ ಮಾಡಿ ಕೇಳಿದರು.
ರಸ್ತೆಯಾಚೆಯ ಹಿಟ್ಟಿನ ಗಿರಣಿಯಲ್ಲಿ
ಬೇರಿಂಗ್ ಸವೆದದ್ದನ್ನು
ಇಲ್ಲಿ ಕೂತು ಹೇಳುತ್ತಿದ್ದ ಕಿವಿ ಅದು.
ಸರಿ ಇದೆ, ಅಂದರು.
ಎರಡು ಚಹಾ ತರಿಸಿದರು, ಒಂದು ನನಗೆ.
ಆಮೇಲೆ ಹನ್ನೊಂದು ವರ್ಷ
ಆ ಹಾಡು ನನ್ನ ತಪ್ಪಿನ ವೇಗದಲ್ಲೇ ಹಾಡಿತು;
ಬೇಲಿ ದಾಟಿ ಅನ್ನುವಲ್ಲಿ
ಅವರು ಸ್ಕ್ರೂಡ್ರೈವರ್ ಕೆಳಗಿಟ್ಟರು.

ಇದನ್ನೆಲ್ಲ ಜೆಸಿಂತಾಗೆ ಹೇಳಿದೆನೋ ಇಲ್ಲವೋ.
ಅರ್ಧ ಹೇಳಿರಬೇಕು.
ಅವಳು ಏನೂ ಅನ್ನದೆ ಗಿಟಾರ್ ಇಸಕೊಂಡು
ಬಿರಡೆ ತಿರುಗಿಸಿದಳು, ಒಂದೊಂದಾಗಿ ಆರೂ,
ತಂತಿಗೆ ಕಿವಿಯಿಟ್ಟು.
ಒಂದು ಮನೆ ಕೆಳಗೆ ಇಳಿಸಿದ್ದೀನಿ. ಈಗ ಬಾರಿಸಿ.
ನಿಧಾನಕ್ಕೇ.

ಬಾರಿಸಿದೆ.
ಅವನು ಬಂದ,
ಕಾಲು ಚಾಚಿ ಕೂತ.
ತಂತಿ ಸಡಿಲಾದ್ದಕ್ಕೋ ಏನೋ
ಎಫ್ಫೂ ಕೊಂಚ ಮನಸ್ಸು ಮಾಡಿತು:
ಆರರಲ್ಲಿ ನಾಲ್ಕು ನುಡಿದವು.

ಶಟರಿನಡಿ ಕೆಸರು ಮೆತ್ತಿದ ಎರಡು ಕಾಲು,
ದುದ್ದದವರು.
ಮುಗೀತೇನ್ರೀ?
ಇಲ್ಲ ಗೌಡ್ರೇ, ಅಂದೆ,
ಇನ್ನೊಂದು ಸುತ್ತು.