ಹದಿನಾಲ್ಕನೆಯದು

ಇಲ್ಲಿ ಬಿರುಗಾಳಿಯನ್ನು ಹೆಸರಿಟ್ಟು ಕರೆಯುವುದಿಲ್ಲ,
ನಂಬರು ಹಾಕುತ್ತಾರೆ, ಆಸ್ಪತ್ರೆಯ ಚೀಟಿಯಂತೆ.
ಇದು ಹದಿನಾಲ್ಕನೆಯದು.

ಮಿಯಾಕೊ ದ್ವೀಪ ರೊಟ್ಟಿಯಂತೆ ಚಪ್ಪಟೆ.
ಗಾಳಿಗೆ ಅಡ್ಡ ನಿಲ್ಲಲು ಒಂದು ಗುಡ್ಡವಿಲ್ಲ.
ಕಬ್ಬು ಇದೆ, ಅದು ಮಲಗಿಬಿಡುತ್ತದೆ.

ಬೆಳಿಗ್ಗೆಯೇ ಶಾಲೆಗೆ ರಜೆ. ನನ್ನ ಇಂಗ್ಲಿಷ್ ಪಾಠದ ಹುಡುಗರು
ಬ್ರೆಡ್ಡು, ಮೇಣದಬತ್ತಿ, ಕಾಮಿಕ್ಸು ಅವುಚಿಕೊಂಡು
ಅಂಗಡಿಯ ಸಾಲಿನಲ್ಲಿ ಕಿಸಿಕಿಸಿ ನಗುತ್ತಿದ್ದರು.
ಮನೆಯೊಡತಿ ಯೊನಾಹಾ ತೊಮಿ, ವಯಸ್ಸು ಎಂಬತ್ತೊಂದು,
ಮಹಡಿ ಹತ್ತಿ ಬಂದು ನನ್ನ ಬಚ್ಚಲ ತೊಟ್ಟಿ ತುಂಬಿಸಿದಳು,
ಕಿಟಕಿಯ ಸಂದಿಗೆಲ್ಲ ಹಳೆಯ ಟವೆಲು ತುರುಕಿದಳು,
ಆಮೇಲೆ ನನ್ನನ್ನೂ, ಇನ್ನೊಂದು ಸಾಮಾನಿನ ಹಾಗೆ,
ಕೆಳಗೆ ತನ್ನ ಮನೆಗೆ ಸಾಗಿಸಿದಳು.

ಅದು ಬಂತು.
ಬಂತು ಅನ್ನುವುದು ಸಣ್ಣ ಮಾತು.
ನನ್ನೂರಿನ ಗಾಳಿ ಧೂಳೆಬ್ಬಿಸಿ, ಒಣಹಾಕಿದ ಸೀರೆ ಎಳೆದಾಡಿ,
ಅಂಗಳ ದಾಟಿ ಹೋಗುತ್ತದೆ.
ಇದು ಹೋಗಲಿಲ್ಲ. ಒಂದೇ ಸ್ವರ ಹಿಡಿದು
ಎಂಟು ತಾಸು ಕೂತಿತು.
ಕಾಂಕ್ರೀಟಿನ ಗೋಡೆ ಹಲ್ಲು ಕಡಿಯಿತು.
ಕಮೋಡಿನ ನೀರು ತನ್ನಷ್ಟಕ್ಕೆ ಏರಿ ಇಳಿಯಿತು.
ಕರೆಂಟು ಹೋದಾಗ ತೊಮಿ ಫ್ರಿಜ್ಜಿನಿಂದ ಐಸ್‌ಕ್ರೀಮು ತೆಗೆದು
ಕರಗುತ್ತೆ, ತಿನ್ನು, ಅಂದಳು.
ತಿಂದೆ. ಕೈ ನಡುಗಿ ಗಲ್ಲಕ್ಕೆ ಮೆತ್ತಿತು.

ನಡುರಾತ್ರಿ ಸಟ್ಟನೆ ನಿಂತಿತು.
ಚಿಲಕ ತೆಗೆದೆ. ಬಾವಿಯ ತಳದಲ್ಲಿ ನಿಂತು ನೋಡಿದಂತೆ
ಮೇಲೊಂದು ದುಂಡನೆಯ ಆಕಾಶ, ತುಂಬ ನಕ್ಷತ್ರ.
ದಾರಿ ತಪ್ಪಿದ ಕಡಲಹಕ್ಕಿಯೊಂದು ಸ್ಕೂಟರಿನ ಸೀಟಿನ ಮೇಲೆ ಕೂತು
ನನ್ನನ್ನೇ ನೋಡಿತು.
ಮುಗಿಯಿತು ಎಂದೆ, ಪೊರಕೆಗೆ ಕೈಹಾಕಿದೆ.

ತೊಮಿ ರಟ್ಟೆ ಹಿಡಿದಳು.
ಕಾಏಶಿಕಾಜೆ, ಎಂದಳು. ಮರಳುವ ಗಾಳಿ.
ಇದು ಅದರ ಕಣ್ಣು ಅಷ್ಟೆ. ಇನ್ನು ಎದುರಿನಿಂದ ಬರುತ್ತೆ.
ಹೀಗೇ ಒಂದು ಕಣ್ಣಿನೊಳಗೆ ಅವಳ ಗಂಡ
ಆಡಿನ ಹಗ್ಗ ಬಿಗಿಯಲು ಹೊರಗೆ ಹೋಗಿದ್ದನಂತೆ.
ಆಡು ಮರಳಿ ಬಂತು, ಎಂದಳು.
ಗಾಳಿಯೂ ಮರಳಿ ಬಂತು.

ಮೂಡಣ ಬಾಗಿಲಿಗೆ ಒತ್ತಿಟ್ಟ ಅಕ್ಕಿಮೂಟೆಯನ್ನು
ಇಬ್ಬರೂ ಪಡುವಣ ಬಾಗಿಲಿಗೆ ಎಳೆದೆವು.

ಬೆಳಗಾದಾಗ ಆಕಾಶ ನಾಚಿಕೆಯಿಲ್ಲದಷ್ಟು ನೀಲಿ.
ಗಿಡಮರವೆಲ್ಲ ಸುಟ್ಟಂತೆ ಕಂದು. ಬೆಂಕಿಯಲ್ಲ, ಉಪ್ಪು:
ಕಡಲು ಗಾಳಿಯ ಹೆಗಲೇರಿ ಊರೆಲ್ಲ ತಿರುಗಿತ್ತು.
ಬಿಸಿಲೇರುವ ಮುಂಚೆ ತೊಳೆಯಬೇಕು, ಇಲ್ಲದಿದ್ದರೆ ಉಳಿಯುವುದಿಲ್ಲ.
ಮನೆಮನೆಯ ಮುಂದೆ ಪೈಪು, ಬಕೆಟ್ಟು, ಚೊಂಬಿನಂಥ ಡಬ್ಬಿ.
ದಾಸವಾಳದ ಎಲೆ ಎಲೆ ತೊಳೆದೆವು,
ಸೈಕಲ್ಲು, ಕಿಟಕಿ, ಸೂರಿನ ಮೇಲಿನ ಮಣ್ಣಿನ ಸಿಂಹದ ಬಾಯಿ.
ಹಿತ್ತಲ ಗೋಡೆಯ ಬುಡದಲ್ಲೊಂದು ಗೂಟ,
ಐವತ್ತು ವರ್ಷದಿಂದ ಅಲ್ಲಿ ಆಡು ಕಟ್ಟಿಲ್ಲ.
ತೊಮಿ ಅದನ್ನೂ ತೊಳೆದಳು, ಎರಡು ಸಲ.

ಉಪ್ಪಿನ ಋಣ ತೀರಿಸಲಾಗದು ಅಂತ ನಮ್ಮ ಕಡೆ ಮಾತು.
ಯಾರ ಉಪ್ಪು, ಯಾವ ಋಣ, ತಿಳಿಯದೆ
ಬಕೆಟ್ಟಿನ ಮೇಲೆ ಬಕೆಟ್ಟು ಸುರಿದೆ.
ಬ್ಯಾಟರಿ ರೇಡಿಯೊ ಹೇಳುತ್ತಿತ್ತು:
ಹದಿನೈದನೆಯದು ದಕ್ಷಿಣದ ಕಡಲಲ್ಲಿ ಸುತ್ತತೊಡಗಿದೆ.

ತೊಮಿ ನನ್ನ ಕನ್ನಡಕ ಕಿತ್ತು, ತೊಳೆದು, ಮತ್ತೆ ಮೂಗಿಗೇರಿಸಿದಳು.
ತಂಡಿಗಾ ತಂಡಿ, ಎಂದಳು. ದ್ವೀಪದ ಮಾತಿನಲ್ಲಿ ಉಪಕಾರವಾಯಿತು ಅಂತ.
ನಮ್ಮ ಧಾರವಾಡದ ಕಡೆ ತಂಡಿ ಅಂದರೆ ಚಳಿ, ಎಂದೆ.
ಸೊಂಟ ಹಿಡಿದುಕೊಂಡು ನಕ್ಕಳು.
ನಗುತ್ತಲೇ ಪೈಪನ್ನು ನನ್ನತ್ತ ತಿರುಗಿಸಿದಳು.

ಖರೆ ತಂಡಿ.