ತಲೆಲೆಕ್ಕ

ಪ್ರೊಗ್ರೆಸೊ ಬಂದರಿನ ಕಟ್ಟೆ ಎಷ್ಟು ಉದ್ದವೆಂದರೆ
ಹಡಗು ಬಂತೆಂದು ಊರಿಗೆ ತಿಳಿಯುವುದು
ಸಮುದ್ರದ ಅಂಚಿನಲ್ಲಿ ರಾತ್ರೋರಾತ್ರಿ
ಒಂದು ಬಿಳಿ ಬಡಾವಣೆ ಎದ್ದು ನಿಂತಾಗ.
ನಾನು ಎರ್ಮೆಲಿಂಡಾ ಪೋಟ್. ಹದಿನೇಳನೇ ನಂಬರಿನ ಹಲಗೆ ನನ್ನದು.
ಕೋಲಿಗೆ ಸಿಕ್ಕಿಸಿ ಎತ್ತಿ ಹಿಡಿದರೆ
ಎದೆಯ ಮೇಲೆ ಹದಿನೇಳು ಅಂಟಿಸಿಕೊಂಡವರೆಲ್ಲ
ಕೋಳಿಮರಿಗಳ ಹಾಗೆ ಹಿಂದೆ ಬರುತ್ತಾರೆ.

ಮೂವತ್ತೆಂಟು. ಬಸ್ಸಿನ ಮೆಟ್ಟಿಲಲ್ಲಿ ನಿಂತು ಎಣಿಸಿದೆ.
ಮೈಕು ಹಿಡಿದು ಎಂದಿನಂತೆ ಹೇಳಿದೆ:
ನೀರು ಕುಡಿಯಿರಿ, ಟೋಪಿ ಮರೆಯಬೇಡಿ,
ನಾಲ್ಕೂವರೆಗೆ ಹಡಗು ಯಾರಪ್ಪನಿಗೂ ಕಾಯುವುದಿಲ್ಲ.
ಡ್ರೈವರ್ ಬೆನಿಗ್ನೊ ನನ್ನ ಚಟಾಕಿಗೆ
ನಾನು ಮುಗಿಸುವ ಮೊದಲೇ ಹಾರ್ನು ಹೊಡೆದ.
ಒಂಬತ್ತು ವರ್ಷದಿಂದ ಕೇಳುತ್ತಿದ್ದಾನೆ, ಪಾಪ.

ಕಿಟಕಿಯಾಚೆ ಕತ್ತಾಳೆಯ ಹೊಲ.
ಹಸಿರು ಬಂಗಾರ ಅಂದೆ. ಫೋಟೋ ತೆಗೆದರು.
ಆ ನಾರು ಸುಲಿದು ಸುಲಿದು ನನ್ನಜ್ಜನ ಬಲಗೈಯಲ್ಲಿ
ಎರಡು ಬೆರಳು ಮಡಚುತ್ತಿರಲಿಲ್ಲ ಎನ್ನುವುದು
ಮೈಕಿನಲ್ಲಿ ಆಡುವ ಮಾತಲ್ಲ. ಟಿಪ್ಸು ಕಡಿಮೆಯಾಗುತ್ತದೆ.

ಹಾಳು ಗುಡಿಯ ಮುಂದೆ ಇಳಿಸಿ ಮತ್ತೆ ಎಣಿಸಿದೆ.
ಮೂವತ್ತೊಂಬತ್ತು.
ಲೆಕ್ಕ ಕಡಿಮೆ ಬೀಳುವುದುಂಟು:
ಶೌಚಾಲಯ, ಸಿಗರೇಟು, ಗಂಡನ ಮೇಲೆ ಮುನಿಸು.
ಹೆಚ್ಚಾದದ್ದು ಇದೇ ಮೊದಲು.

ಹಿಂದಿನ ಸೀಟಿನವನು. ಅಂಗಿಯ ಮೇಲೆ ಅಂಕಿಯಿಲ್ಲ.
ಕಪ್ಪು ಷೂ, ಜಾರದ ಅಟ್ಟೆಯದು, ಅಡಿಗೆಮನೆಯದು.
ಕೈ ನೋಡಿದೆ. ನೀರಲ್ಲಿ ನೆನೆದು ನೆನೆದು
ಬೆರಳ ತುದಿಗಳು ಬಿಳಿಚಿ ಸುಕ್ಕಾಗಿ
ಹುಟ್ಟಿ ಎರಡು ದಿನವಾಗದ ಕೂಸಿನ ಕೈಯ ಹಾಗೆ.
ನೋಡದವಳಂತೆ ಹಲಗೆ ಎತ್ತಿ ನಡೆದೆ.

ವರ್ಷಕ್ಕೆರಡು ಬೆಳಗು ಸೂರ್ಯ ಈ ಬಾಗಿಲ ಚೌಕಟ್ಟಿನಲ್ಲೇ
ಬಂದು ನಿಲ್ಲುತ್ತಾನೆ ಎನ್ನುತ್ತಿದ್ದೆ.
ದಪ್ಪ ಕ್ಯಾಮೆರಾದ ಒಬ್ಬರು ಕೇಳಿದರು:
ಇದನ್ನೆಲ್ಲ ಕಟ್ಟಿದ ಮಾಯಾ ಜನ ಎಲ್ಲಿ ಹೋದರು?
ಬಸ್ಸಿಗೆ ಡೀಸೆಲ್ ಹಾಕಿಸಲು ಹೋಗಿದ್ದಾರೆ ಅಂದೆ.
ಎಲ್ಲರೂ ನಕ್ಕರು.
ನಗಿಸಲೆಂದು ಹೇಳಿದ್ದಲ್ಲ. ಬೆನಿಗ್ನೊ ನಿಜಕ್ಕೂ ಹೋಗಿದ್ದ.

ಮಧ್ಯಾಹ್ನ ಕೊಳದಲ್ಲಿ ಮೂವತ್ತೆಂಟೂ ಜನ ಧುಮುಕಿದರು.
ಅವನು ಪಾದ ಕೂಡ ಇಳಿಸಲಿಲ್ಲ.
ನೀರು ಸಾಕು ಎಂಬಂತೆ ಕೈ ಅಲ್ಲಾಡಿಸಿ
ಫೌಸ್ತಿನಾ ಅಜ್ಜಿಯ ಗರಿಮಾಡಿನ ಕೆಳಗೆ ಕೂತ.
ಹೆಸರು ಆರ್ನೆಲ್. ಊರು ಇಲೊಯಿಲೊ, ಫಿಲಿಪೀನ್ಸು.
ತಳದ ಅಂತಸ್ತಿನಲ್ಲಿ ಪಾತ್ರೆ ತೊಳೆಯುವವನು.
ನೀರಿನ ಮೇಲೆ ಐದು ತಿಂಗಳು, ಕಿಟಕಿಯಿಲ್ಲದ ಕೋಣೆ.

ಚಮಚ ತೋರಿಸಿ ನಾನು ಕುಚಾರಾ ಅಂದೆ.
ಕುತ್ಸಾರಾ ಅಂದ, ಕಣ್ಣರಳಿಸಿ.
ವೆಂತಾನಾ ಅಂದೆ. ಬಿಂತಾನಾ ಅಂದ.
ಲೂನೆಸ್ ಅಂದೆವು ಇಬ್ಬರೂ ಒಟ್ಟಿಗೆ.
ಒಬ್ಬನೇ ದೊರೆಯ ಕೈಲಿ ಪೆಟ್ಟು ತಿಂದವರು
ನಮ್ಮ ಹಿರೀಕರು, ಸಮುದ್ರದ ಆ ಕಡೆ, ಈ ಕಡೆ.
ದೊರೆ ಹೋದ.
ಚಮಚ ಉಳಿಯಿತು, ಕಿಟಕಿ ಉಳಿಯಿತು,
ಸೋಮವಾರ ಉಳಿಯಿತು.

ಜೋಳದ ರೊಟ್ಟಿ, ಕಪ್ಪು ಬೀನ್ಸಿನ ಸಾರು,
ತಟ್ಟೆಯಲ್ಲಿ ತೊಟ್ಟೂ ಬಿಡಲಿಲ್ಲ.
ಉಂಡವನೇ ತಟ್ಟೆ ಎತ್ತಿಕೊಂಡು
ತೊಟ್ಟಿಯ ಕಡೆ ಹೊರಟ, ತೋಳು ಮಡಚುತ್ತ.
ಫೌಸ್ತಿನಾ ಅಜ್ಜಿ ಕಸಿದುಕೊಂಡಳು.
ಮಾಯಾ ಭಾಷೆಯಲ್ಲಿ ಬೈದಳು, ನಾನು ಸಣ್ಣವಳಿದ್ದಾಗ
ಕೇಳಿದ್ದ ಬೈಗುಳ, ಈಗ ಯಾರೂ ಬಳಸದ್ದು.
ಅವನಿಗೆ ಅಕ್ಷರ ಅಕ್ಷರವೂ ಅರ್ಥವಾಯಿತು.
ಹೋಗಿ ಜೋಲಿಯಲ್ಲಿ ಬಿದ್ದುಕೊಂಡ.
ನಲವತ್ತು ನಿಮಿಷ, ಬಾಯಿ ತೆರೆದು.

ವಾಪಸು ಹೊರಡುವಾಗ ಎಣಿಸಲಿಲ್ಲ.
ಚೀಟಿಯಲ್ಲಿ ಮೂವತ್ತೆಂಟು ಬರೆದು ಸಹಿ ಹಾಕಿದೆ.
ಗೇಟಿಗೆ ಇನ್ನೂರು ಮೀಟರು ಮುಂಚೆ
ಬೆನಿಗ್ನೊ ಕೆಮ್ಮುತ್ತ ಬಸ್ಸು ನಿಧಾನಿಸಿದ.
ಹಿಂಬಾಗಿಲು ಒಮ್ಮೆ ಉಸ್ಸೆಂದಿತು.
ಬೆಳಿಗ್ಗೆಯೂ ಅದು ಹಾಗೇ ಅಂದಿತ್ತೇನೋ,
ನಾನು ಮೈಕು ಸರಿಮಾಡಿಕೊಳ್ಳುತ್ತಿದ್ದೆ.

ರಾತ್ರಿ ಬಡಾವಣೆ ದೀಪ ಹೊತ್ತುಕೊಂಡು ಹೊರಟುಹೋಯಿತು.
ಉಂಡ ತಟ್ಟೆ ತೊಳೆಯಲು ಮನಸ್ಸಾಗಲಿಲ್ಲ.
ಹಾಗೇ ತೊಟ್ಟಿಯಲ್ಲಿ ಬಿಟ್ಟು ದೀಪ ಆರಿಸಿದೆ.
ನಾಳೆ ಲೂನೆಸ್. ಹಡಗಿಲ್ಲ.